ಪಾರ್ಕಿನ್ಸನ್ ಮಾತ್ರೆಗಳು: ಯಾವುದು, ಯಾರಿಗೆ, ಯಾವಾಗ?

"ಲೆವೊಡೋಪಾ ಈಗಲೇ ಶುರು ಮಾಡಬೇಕಾ, ಇಲ್ಲ ಮುಂದಕ್ಕೆ ಅಂತ ಉಳಿಸಿಕೊಳ್ಳಬೇಕಾ?"

ಪಾರ್ಕಿನ್ಸನ್ ಇದೆ ಅಂತ ಗೊತ್ತಾದ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಇದೇ. ಲೆವೊಡೋಪಾ ಅಂದರೆ ಈ ಕಾಯಿಲೆಗೆ ಕೊಡುವ ಮುಖ್ಯ ಮಾತ್ರೆ. ನಮ್ಮ ಮನೆಯಲ್ಲೂ ಎದ್ದಿತ್ತು. ಅಪ್ಪನಿಗೆ ಆಗ 64 ವರ್ಷ. ಬಲಗೈ ನಡುಗುತ್ತಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕಿತ್ತು. "ಆ ಮಾತ್ರೆ ಐದು ವರ್ಷ ಅಷ್ಟೇ ಕೆಲಸ ಮಾಡುತ್ತೆ, ಬೇಗ ಶುರು ಮಾಡಿದರೆ ಬೇಗ ಖಾಲಿಯಾಗುತ್ತೆ" ಅಂತ ಯಾರೋ ಹೇಳಿದರು. ನಾವು ನಂಬಿದೆವು. ಒಂದೂವರೆ ವರ್ಷ ಅಪ್ಪ ಗುಂಡಿಯ ಜೊತೆ ಗುದ್ದಾಡಿದರು. ಕೊನೆಗೆ ಮಾತ್ರೆ ಶುರುವಾಗಿ ಮೂರನೇ ವಾರಕ್ಕೆ ಅವರೇ ಅಂಗಿ ತೊಟ್ಟು ಹೊರಗೆ ಬಂದು ನಿಂತಾಗ ನಮಗೆ ಖುಷಿಗಿಂತ ಜಾಸ್ತಿ ಬೇಜಾರಾಯಿತು. ಕಳೆದ ಒಂದೂವರೆ ವರ್ಷವನ್ನು ನಾವೇ ಕೈಯಾರೆ ಕಳೆದುಕೊಂಡಿದ್ದೆವು.

ಮಾತ್ರೆ ಬರೆಯುವುದು, ಬದಲಿಸುವುದು ನ್ಯೂರಾಲಜಿಸ್ಟ್ ಕೆಲಸ. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು, ಯಾವ ಆಯ್ಕೆಗೆ ಏನು ಬೆಲೆ ತೆರಬೇಕಾಗುತ್ತದೆ ಅನ್ನುವುದು ನಮಗೆ ಗೊತ್ತಿರಬೇಕು. ಅದಕ್ಕೇ ಈ ಬರಹ.

ಮೊದಲು ಅಳತೆ ಯಾವುದು ಅಂತ ನೋಡೋಣ

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಕಾಯಿಲೆ ಬೆಳೆಯುವುದನ್ನು ನಿಲ್ಲಿಸುತ್ತದೆ ಅಂತ ಸಾಬೀತಾದ ಮಾತ್ರೆ ಇವತ್ತಿನವರೆಗೆ ಒಂದೂ ಇಲ್ಲ. ಎಲ್ಲವೂ ಲಕ್ಷಣಗಳನ್ನು ಹಿಡಿತಕ್ಕೆ ತರುತ್ತವೆ, ಅಷ್ಟೇ. ಹಾಗಾಗಿ "ಯಾವುದು ಕಾಯಿಲೆಯನ್ನು ವಾಸಿ ಮಾಡುತ್ತದೆ" ಅನ್ನುವ ಹುಡುಕಾಟ ಬಿಟ್ಟುಬಿಡಿ. "ಯಾವುದು ದಿನವನ್ನು ಚೆನ್ನಾಗಿ ನಡೆಸಿಕೊಡುತ್ತದೆ" ಅಂತ ಕೇಳಿ.

ಅದನ್ನು ತೂಗಲು ನನಗೆ ಮುಖ್ಯ ಅನ್ನಿಸಿದ್ದು ಇವು. ಮೊದಲನೆಯದು ವಯಸ್ಸು. 45ರಲ್ಲಿ ಶುರುವಾದರೆ ಮುಂದೆ 30 ವರ್ಷ ಮಾತ್ರೆಗಳ ಜೊತೆ ಬದುಕಬೇಕು. 75ರಲ್ಲಿ ಶುರುವಾದರೆ ಲೆಕ್ಕವೇ ಬೇರೆ. ಎರಡನೆಯದು, ನಿಜವಾಗಿ ಅಡ್ಡಿ ಆಗುತ್ತಿರುವುದು ಏನು? ನಡುಕವಾ, ಬಿಗಿತವಾ, ನಿಧಾನವಾ? ಕೈ ಸ್ವಲ್ಪ ನಡುಗುತ್ತದೆ, ಕೆಲಸಕ್ಕೆ ತೊಂದರೆ ಇಲ್ಲ ಅನ್ನುವವರಿಗೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಆಗದವರಿಗೂ ಒಂದೇ ಮಾತ್ರೆ ಹೊಂದುವುದಿಲ್ಲ.

ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ: ಮನಸ್ಸಿನ ಸ್ಥಿತಿ. ಮರೆವು ಇದೆಯಾ? ಇಲ್ಲದ್ದು ಕಂಡಂತಾಗುತ್ತದಾ? ಹಿಂದೆ ಜೂಜು, ಕುಡಿತದ ಚಟ ಇತ್ತಾ? ಇದಕ್ಕೆ ಸಿಗುವ ಉತ್ತರ ಅರ್ಧದಷ್ಟು ಮಾತ್ರೆಗಳನ್ನು ಪಟ್ಟಿಯಿಂದ ತೆಗೆದುಹಾಕಬಹುದು. ಆಮೇಲೆ ಉಳಿದವು: ದಿನಕ್ಕೆ ಎಷ್ಟು ಸಲ ಮಾತ್ರೆ ನುಂಗಲು ಸಾಧ್ಯ, ಹೊತ್ತಿಗೆ ಸರಿಯಾಗಿ ಕೊಡುವವರು ಯಾರು, ಬೇರೆ ಯಾವ ಮಾತ್ರೆಗಳು ನಡೆಯುತ್ತಿವೆ, ತಿಂಗಳು ತಿಂಗಳು ಎಷ್ಟು ಖರ್ಚು ತಡೆಯಬಹುದು. ಒಂದು ತಿಂಗಳಿಗೆ ಹೊಂದಿಸಿ ಮೂರನೇ ತಿಂಗಳಿಗೆ ನಿಲ್ಲಿಸಬೇಕಾಗುವ ದುಬಾರಿ ಔಷಧಿಗಿಂತ ವರ್ಷಗಟ್ಟಲೆ ತಪ್ಪದೆ ಸಿಗುವ ಅಗ್ಗದ ಮಾತ್ರೆ ಎಷ್ಟೋ ಮೇಲು.

ಲೆವೊಡೋಪಾ: ಇನ್ನೂ ಇದೇ ಮುಂದೆ

ಮಿದುಳಿನ ಒಳಗೆ ಡೋಪಮಿನ್, ಅಂದರೆ ಮೈಯ ಚಲನೆಯನ್ನು ಸರಾಗವಾಗಿಡುವ ರಾಸಾಯನಿಕ, ತಯಾರಿಸುವ ಜೀವಕೋಶಗಳು ಮೆಲ್ಲಗೆ ಸಾಯುತ್ತಾ ಹೋಗುವುದೇ ಪಾರ್ಕಿನ್ಸನ್. ಡೋಪಮಿನ್ ಅನ್ನೇ ನೇರವಾಗಿ ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಲೆವೊಡೋಪಾ ದಾಟುತ್ತದೆ, ಒಳಗೆ ಹೋಗಿ ಡೋಪಮಿನ್ ಆಗುತ್ತದೆ. 1961ರಲ್ಲಿ ವಿಯೆನ್ನಾದಲ್ಲಿ ಬಿರ್ಕ್‌ಮೇಯರ್ ಮತ್ತು ಹಾರ್ನಿಕೀವಿಚ್ ಇದನ್ನು ಇಂಜೆಕ್ಷನ್ ಆಗಿ ಕೊಟ್ಟು ನೋಡಿದರು. 1967ರಲ್ಲಿ ಕೊಟ್ಜಿಯಾಸ್ ಬಾಯಿಯ ಮೂಲಕ ನಿಧಾನವಾಗಿ ಡೋಸ್ ಏರಿಸುವ ದಾರಿ ತೋರಿಸಿದರು. ಅದಾದ ಮೇಲೆ ಜೊತೆಗೆ ಕಾರ್ಬಿಡೋಪಾ ಅಥವಾ ಬೆನ್ಸೆರಜೈಡ್ ಸೇರಿಸುವುದು ರೂಢಿಗೆ ಬಂತು. ಲೆವೊಡೋಪಾ ದಾರಿಯಲ್ಲೇ ಕರಗಿ ಪೋಲಾಗದಂತೆ ಇವು ಕಾಯುತ್ತವೆ. ವಾಕರಿಕೆಯೂ ಕಡಿಮೆ.

ಇಷ್ಟು ವರ್ಷ ಕಳೆದರೂ ಚಲನೆಯ ವಿಷಯದಲ್ಲಿ ಇದನ್ನು ಮೀರಿಸುವ ಮಾತ್ರೆ ಬಂದಿಲ್ಲ. ಜೊತೆಗೆ ಹಳೆಯ ಔಷಧಿ ಆದ್ದರಿಂದ ಅಗ್ಗ.

ಹಾಗಾದರೆ ಭಯ ಯಾಕೆ? ದೀರ್ಘಕಾಲ ತಗೊಂಡಾಗ ಎರಡು ತೊಂದರೆಗಳು ಬರುತ್ತವೆ. ಒಂದು, ಮುಂದಿನ ಡೋಸಿಗೆ ಮೊದಲೇ ಮಾತ್ರೆಯ ಶಕ್ತಿ ಇಳಿಯುವುದು. ಇನ್ನೊಂದು ಡಿಸ್ಕಿನೇಸಿಯಾ, ಅಂದರೆ ನಮ್ಮ ಹಿಡಿತವಿಲ್ಲದೆ ಮೈ, ಕತ್ತು, ಕೈಕಾಲು ಬಳುಕುವುದು, ಓಲಾಡುವುದು. 4ರಿಂದ 6 ವರ್ಷ ಲೆವೊಡೋಪಾ ತಗೊಂಡವರಲ್ಲಿ 100ಕ್ಕೆ ಸುಮಾರು 40 ಜನರಿಗೆ ಇದು ಕಾಣಿಸಿಕೊಳ್ಳುತ್ತದೆ ಅಂತ ಹಳೆಯ ಅಧ್ಯಯನಗಳ ಲೆಕ್ಕ. ಎಲ್ಲರಿಗೂ ಅದು ಕಾಟ ಕೊಡುವಷ್ಟು ಜೋರಾಗಿರುವುದಿಲ್ಲ.

ಇದಕ್ಕೆ ಕಾರಣ ಮಾತ್ರೆಯಾ, ಕಾಯಿಲೆಯಾ? ಇದನ್ನು ಅರ್ಥ ಮಾಡಿಕೊಳ್ಳಲು ಮನೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಶುರುವಿನಲ್ಲಿ ಮಿದುಳಿನಲ್ಲಿ ಉಳಿದ ಜೀವಕೋಶಗಳು ಬಂದ ಲೆವೊಡೋಪಾವನ್ನು ಡೋಪಮಿನ್ ಮಾಡಿ ಕೂಡಿಟ್ಟುಕೊಳ್ಳುತ್ತವೆ. ಬೇಕಾದಷ್ಟೇ ಬಿಡುತ್ತವೆ. ಮಾತ್ರೆ ರಕ್ತದಲ್ಲಿ ಒಂದು, ಒಂದೂವರೆ ಗಂಟೆಗೆ ಅರ್ಧ ಇಳಿದರೂ ಟ್ಯಾಂಕ್ ತುಂಬಿರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಕಾಯಿಲೆ ಬೆಳೆದ ಹಾಗೆ ಟ್ಯಾಂಕ್ ಚಿಕ್ಕದಾಗುತ್ತದೆ. ಆಮೇಲೆ ನಲ್ಲಿಯಲ್ಲಿ ಬಂದಾಗ ಮಾತ್ರ ನೀರು. ಬಂದರೆ ಒಮ್ಮೆಲೆ ಜೋರಾಗಿ, ಆಗ ಮೈ ಓಲಾಟ. ನಿಂತರೆ ಪೂರ್ತಿ ಬಂದ್, ಆಗ ಬಿಗಿತ.

ಟ್ಯಾಂಕ್ ಚಿಕ್ಕದಾಗುವುದು ಕಾಯಿಲೆಯಿಂದ. ಮಾತ್ರೆ ಮುಂದೂಡಿದರೆ ಅದು ನಿಲ್ಲುವುದಿಲ್ಲ. ಇದನ್ನು ಚೆನ್ನಾಗಿ ತೋರಿಸಿದ್ದು ಘಾನಾ ದೇಶದ ರೋಗಿಗಳನ್ನು ಇಟಲಿಯವರ ಜೊತೆ ಹೋಲಿಸಿದ ಅಧ್ಯಯನ. 2014ರಲ್ಲಿ ಅದು ಪ್ರಕಟವಾಯಿತು. ಔಷಧಿ ಸುಲಭವಾಗಿ ಸಿಗದ ಕಾರಣ ಘಾನಾದವರು ಕಾಯಿಲೆ ಶುರುವಾಗಿ ಸರಾಸರಿ 4 ವರ್ಷವಾದ ಮೇಲೆ ಲೆವೊಡೋಪಾ ಶುರು ಮಾಡಿದ್ದರು, ಇಟಲಿಯವರು ಸುಮಾರು ಎರಡೂವರೆ ವರ್ಷಕ್ಕೆ. ಆದರೂ ಏರಿಳಿತ, ಓಲಾಟ ಎರಡೂ ಕಡೆಯವರಿಗೆ ಕಾಯಿಲೆಯ ಹೆಚ್ಚುಕಡಿಮೆ ಅದೇ ವರ್ಷದಲ್ಲಿ ಬಂದವು. ಅಂದರೆ ಕಾದವರಿಗೆ ಸಿಕ್ಕಿದ್ದು ಬರೀ ಕಾಯುವಿಕೆ. ನೆದರ್ಲೆಂಡ್ಸ್‌ನಲ್ಲಿ 445 ಜನರ ಮೇಲೆ ನಡೆದ ಲೀಪ್ ಅಧ್ಯಯನ 2019ರಲ್ಲಿ ಬಂತು. ಬೇಗ ಶುರು ಮಾಡಿದವರು, 40 ವಾರ ತಡವಾಗಿ ಶುರು ಮಾಡಿದವರು, ಇಬ್ಬರೂ 80ನೇ ವಾರದಲ್ಲಿ ಒಂದೇ ಕಡೆ ಇದ್ದರು. ಬೇಗ ತಗೊಂಡರೆ ಕಾಯಿಲೆ ನಿಧಾನವಾಗುವುದಿಲ್ಲ, ಕೆಡುವುದೂ ಇಲ್ಲ.

ಡೋಸ್ ಮಾತ್ರ ಮುಖ್ಯ. 2004ರಲ್ಲಿ ಬಂದ ಎಲ್‌ಡೋಪಾ ಅಧ್ಯಯನದಲ್ಲಿ ದಿನಕ್ಕೆ 600 ಮಿ.ಗ್ರಾಂ ತಗೊಂಡವರಲ್ಲಿ 100ಕ್ಕೆ 16 ಜನರಿಗೆ 40 ವಾರದೊಳಗೇ ಓಲಾಟ ಬಂತು. 300 ಮಿ.ಗ್ರಾಂ ತಗೊಂಡವರಲ್ಲಿ 2–3 ಜನರಿಗಷ್ಟೇ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಮಾತ್ರೆಯನ್ನು ಉಳಿಸಬೇಡಿ, ಮಿಲಿಗ್ರಾಂ ಉಳಿಸಿ. ಕೆಲಸ ನಡೆಯುವಷ್ಟು ಸಾಕು, ನಡುಕ ಪೂರ್ತಿ ಮಾಯವಾಗಬೇಕು ಅಂತ ಡೋಸ್ ಏರಿಸಬೇಡಿ. 50 ದಾಟದೆ ಕಾಯಿಲೆ ಬಂದವರು, ತೂಕ ಕಡಿಮೆ ಇರುವವರು, ಹೆಂಗಸರು ಇದರಲ್ಲಿ ಇನ್ನೂ ಜಾಸ್ತಿ ಎಚ್ಚರ ಇಡಬೇಕು. ಅವರಿಗೆ ಓಲಾಟ ಬೇಗ ಬರುತ್ತದೆ.

ಅಗೋನಿಸ್ಟ್‌ಗಳು: ಓಲಾಟ ಕಡಿಮೆ, ಆದರೆ ಮನೆಯವರ ಕಣ್ಣು ಬೇಕು

ಪ್ರಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆಗಳು, ಚರ್ಮಕ್ಕೆ ಅಂಟಿಸುವ ರೊಟಿಗೋಟಿನ್ ಪಟ್ಟಿ ಈ ಗುಂಪಿನವು. ಇವು ಡೋಪಮಿನ್ ಆಗುವುದಿಲ್ಲ. ಡೋಪಮಿನ್ ಕೂರಬೇಕಾದ ಜಾಗದಲ್ಲಿ ತಾವು ಕೂತು ಅದರ ಕೆಲಸ ಮಾಡುತ್ತವೆ. ರಕ್ತದಲ್ಲಿ ಹೆಚ್ಚು ಹೊತ್ತು ಇರುತ್ತವೆ, ಹಾಗಾಗಿ ಏರಿಳಿತ ಕಡಿಮೆ. ಮೊದಲ ಕೆಲವು ವರ್ಷ ಓಲಾಟವೂ ಕಡಿಮೆ. ದಿನಕ್ಕೆ ಒಂದೇ ಸಲ ತಗೊಳ್ಳುವ ಮಾತ್ರೆಗಳೂ ಬಂದಿವೆ. ಪಟ್ಟಿಯನ್ನಂತೂ 24 ಗಂಟೆಗೊಮ್ಮೆ ಅಂಟಿಸಿದರೆ ಸಾಕು. ನುಂಗಲು ಕಷ್ಟಪಡುವವರಿಗೆ, ಬೆಳಗಿನ ಜಾವ ಬಿಗಿತ ಜಾಸ್ತಿ ಇರುವವರಿಗೆ ಅದು ದೊಡ್ಡ ಅನುಕೂಲ. ಲೆವೊಡೋಪಾಗಿಂತ ಖರ್ಚು ಹೆಚ್ಚು, ಪಟ್ಟಿಗೆ ಇನ್ನೂ ಹೆಚ್ಚು.

ಪ್ರತಿಯಾಗಿ ಏನು ಕೊಡಬೇಕು? ಚಲನೆಯಲ್ಲಿ ಲೆವೊಡೋಪಾದಷ್ಟು ಬಲ ಇರುವುದಿಲ್ಲ. ಪಾದ ಬಾತುಕೊಳ್ಳುತ್ತದೆ. ಎದ್ದಾಗ ಬಿ.ಪಿ. ಇಳಿದು ತಲೆ ಸುತ್ತುತ್ತದೆ. ಹೇಳದೆ ಕೇಳದೆ ನಿದ್ದೆ ಹತ್ತುತ್ತದೆ, ಗಾಡಿ ಓಡಿಸುವವರಿಗೆ ಇದು ಪ್ರಾಣಕ್ಕೇ ಅಪಾಯ. ವಯಸ್ಸಾದವರಿಗೆ ಇಲ್ಲದ ಜನ, ಇಲ್ಲದ ಪ್ರಾಣಿ ಕಾಣಿಸುತ್ತವೆ.

ಎಲ್ಲಕ್ಕಿಂತ ಕೆಟ್ಟದ್ದು ಚಟ. 2010ರಲ್ಲಿ ಪ್ರಕಟವಾದ, 3,090 ರೋಗಿಗಳನ್ನು ನೋಡಿದ ಡೊಮಿನಿಯನ್ ಅಧ್ಯಯನದಲ್ಲಿ ಅಗೋನಿಸ್ಟ್ ತಗೊಳ್ಳುತ್ತಿದ್ದವರ ಪೈಕಿ 100ಕ್ಕೆ 17 ಜನರಿಗೆ ಇಂಥ ತೊಂದರೆ ಇತ್ತು. ತಗೊಳ್ಳದವರಲ್ಲಿ ಸುಮಾರು 7. ಜೂಜು, ಬೇಕಾಬಿಟ್ಟಿ ಖರೀದಿ, ಹೊತ್ತುಗೊತ್ತಿಲ್ಲದೆ ತಿನ್ನುವುದು, ಕಾಮದ ಆಸೆ ಅತಿಯಾಗುವುದು. ರೋಗಿ ಇದನ್ನು ತಾನಾಗಿ ಹೇಳುವುದಿಲ್ಲ. ನಾಚಿಕೆ ಇರುತ್ತದೆ, ಅಥವಾ ಅದು ತಪ್ಪು ಅಂತಲೇ ಅನ್ನಿಸಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ಸಾಲಗಾರರು ಬಾಗಿಲಿಗೆ ಬಂದ ಮೇಲೆಯೇ ಗೊತ್ತಾಗುವುದು. ಇದು ಆ ಮನುಷ್ಯನ ಗುಣ ಅಲ್ಲ, ಮಾತ್ರೆಯ ಕೆಲಸ. ದಯವಿಟ್ಟು ಬೈಯಬೇಡಿ, ಡಾಕ್ಟರಿಗೆ ಹೇಳಿ. ಆದರೆ ಒಮ್ಮೆಲೆ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದರೆ ಆತಂಕ, ಬೆವರು, ಖಿನ್ನತೆ ಬಂದು ವಾರಗಟ್ಟಲೆ ಕಾಡಬಹುದು. ಮೆಲ್ಲಗೆ ಇಳಿಸಬೇಕು.

ಹಾಗಾದರೆ ಎರಡರಲ್ಲಿ ಯಾವುದು? ಬ್ರಿಟನ್ನಿನ ಪಿ.ಡಿ. ಮೆಡ್ ಅಧ್ಯಯನ ಇದನ್ನೇ ಕೇಳಿತ್ತು. 1,620 ಜನ, ಏಳು ವರ್ಷದವರೆಗಿನ ಲೆಕ್ಕ. ಫಲಿತಾಂಶ ಬಂದದ್ದು 2014ರಲ್ಲಿ. ದಿನನಿತ್ಯದ ಓಡಾಟದಲ್ಲಿ ಲೆವೊಡೋಪಾದಿಂದ ಶುರು ಮಾಡಿದವರು ಸ್ವಲ್ಪ ಮುಂದಿದ್ದರು. ವ್ಯತ್ಯಾಸ ಚಿಕ್ಕದು, ಆದರೆ ವರ್ಷ ಕಳೆದರೂ ಉಳಿದುಕೊಂಡಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಅಂಕಿ. ಅಡ್ಡ ಪರಿಣಾಮ ತಡೆಯಲಾರದೆ ಅಗೋನಿಸ್ಟ್ ಬಿಟ್ಟವರು 100ಕ್ಕೆ 28. ಲೆವೊಡೋಪಾ ಬಿಟ್ಟವರು 100ಕ್ಕೆ 2.

ಉಳಿದ ಮೂರು ಗುಂಪು, ಬೇಗ ಬೇಗ

ರಸಾಗಿಲಿನ್, ಸೆಲೆಗಿಲಿನ್, ಸಫಿನಮೈಡ್ ಇವು ಡೋಪಮಿನ್ ಬೇಗ ಒಡೆದುಹೋಗದಂತೆ ತಡೆಯುವವು. ಬಲ ಕಡಿಮೆ, ಸರಳತೆ ಜಾಸ್ತಿ. ರಸಾಗಿಲಿನ್ ದಿನಕ್ಕೆ ಒಂದೇ 1 ಮಿ.ಗ್ರಾಂ ಮಾತ್ರೆ. ಈಗಷ್ಟೇ ಶುರುವಾಗಿದೆ, ತೊಂದರೆ ಕಡಿಮೆ, ದಿನಕ್ಕೆ ಮೂರು ಸಲ ಮಾತ್ರೆಯ ಗೋಜು ಬೇಡ ಅನ್ನುವವರಿಗೆ ಹೊಂದುತ್ತದೆ. ಸೆಲೆಗಿಲಿನ್ ಆದರೆ ಬೆಳಗ್ಗೆಯೇ ತಗೊಳ್ಳಬೇಕು, ಸಂಜೆ ತಗೊಂಡರೆ ನಿದ್ದೆ ಕೆಡುತ್ತದೆ. ಒಂದು ಎಚ್ಚರ ಮಾತ್ರ ಮರೆಯಬಾರದು. ಇವುಗಳ ಜೊತೆ ಟ್ರಮಾಡಾಲ್, ಪೆಥಿಡಿನ್ ನೋವಿನ ಔಷಧಿಗಳು ಸೇರಬಾರದು. ಕೆಮ್ಮಿನ ಸಿರಪ್‌ನಲ್ಲಿರುವ ಡೆಕ್ಸ್ಟ್ರೊಮೆಥಾರ್ಫನ್ ಕೂಡ ಬೇಡ. ಖಿನ್ನತೆಯ ಮಾತ್ರೆ ನಡೆಯುತ್ತಿದ್ದರೆ ಮೊದಲೇ ಹೇಳಿ.

ಟ್ರೈಹೆಕ್ಸಿಫೆನಿಡಿಲ್ ಹಳೆಯದು, ಅಗ್ಗ, ನಡುಕಕ್ಕೆ ಒಳ್ಳೆಯದು. ಯುವಕರಿಗೆ, ನಡುಕವೇ ಮುಖ್ಯ ತೊಂದರೆ ಆಗಿದ್ದರೆ ಪರವಾಗಿಲ್ಲ. ವಯಸ್ಸಾದವರಿಗೆ ಬೇಡವೇ ಬೇಡ. ಮರೆವು, ಗೊಂದಲ, ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು ಎಲ್ಲ ಬರುತ್ತದೆ. ಅಜ್ಜ ಇತ್ತೀಚೆಗೆ ಮಂಕಾಗಿದ್ದಾರೆ ಅನ್ನಿಸಿದರೆ ಅವರ ಮಾತ್ರೆಗಳಲ್ಲಿ ಇದಿದೆಯಾ ಅಂತ ಒಮ್ಮೆ ನೋಡಿ.

ಅಮಂಟಾಡಿನ್ ಕಥೆ ವಿಶೇಷ. ಅದು ಫ್ಲೂ ಜ್ವರಕ್ಕೆ ಬಂದ ಔಷಧಿ. ಫ್ಲೂ ತಡೆಯಲು ಅದನ್ನು ತಗೊಂಡ ಒಬ್ಬ ಪಾರ್ಕಿನ್ಸನ್ ರೋಗಿ ತನ್ನ ಬಿಗಿತ, ನಡುಕ ಕಡಿಮೆಯಾಯಿತು ಅಂದರು. 1969ರಲ್ಲಿ ಅದು ವೈದ್ಯಲೋಕಕ್ಕೆ ಗೊತ್ತಾಯಿತು. ಈಗ ಇದರ ದೊಡ್ಡ ಉಪಯೋಗ ಓಲಾಟ ತಗ್ಗಿಸುವುದು. ಕಿಡ್ನಿ ದುರ್ಬಲವಾಗಿದ್ದರೆ ಡೋಸ್ ಇಳಿಸಬೇಕು. ಕಾಲಿನ ಚರ್ಮದ ಮೇಲೆ ಬಲೆಯಂಥ ಕೆನ್ನೀಲಿ ಗೆರೆಗಳು ಕಂಡರೆ ಗಾಬರಿ ಬೇಡ, ಅದು ಈ ಮಾತ್ರೆಯದೇ ಗುರುತು. ಭ್ರಮೆ ಇರುವವರಿಗೆ ಇದು ಹೊಂದುವುದಿಲ್ಲ.

ನಸುಗುನ್ನಿ ಬೀಜದ ಪುಡಿಯ ಬಗ್ಗೆಯೂ ಕೇಳುತ್ತಾರೆ. ಅದರಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ. ಅದೇ ಕಾರಣಕ್ಕೆ ಅದನ್ನು ನಿರಪಾಯ ಅಂತ ತಿಳಿಯಬಾರದು. ಒಂದೊಂದು ಪುಡಿಯಲ್ಲಿ ಒಂದೊಂದು ಪ್ರಮಾಣ ಇರುತ್ತದೆ. ಮಾತ್ರೆಯ ಜೊತೆ ಗುಟ್ಟಾಗಿ ಅದನ್ನೂ ತಗೊಂಡರೆ ಡೋಸ್ ಎಷ್ಟಾಯಿತು ಅಂತ ಡಾಕ್ಟರಿಗೂ ಗೊತ್ತಾಗುವುದಿಲ್ಲ.

ಐದಾರು ವರ್ಷ ಕಳೆದ ಮೇಲೆ

ನಿಜವಾದ ಆಯ್ಕೆಗಳು ಶುರುವಾಗುವುದು ಇಲ್ಲಿಂದ. ಅಪ್ಪನಿಗೆ ಆರನೇ ವರ್ಷದಲ್ಲಿ ಇದು ಶುರುವಾಯಿತು. ಬೆಳಗ್ಗೆ ಏಳಕ್ಕೆ ಮಾತ್ರೆ. ಏಳೂವರೆಗೆ ಹೆಬ್ಬೆರಳು ಸಡಿಲವಾಗುತ್ತಿತ್ತು, ಏಳು ಮುಕ್ಕಾಲಿಗೆ ಎದ್ದು ನಡೆಯುತ್ತಿದ್ದರು. ಹತ್ತೂವರೆಗೆ ಮತ್ತೆ ಹೆಜ್ಜೆ ಚಿಕ್ಕದಾಗುತ್ತಿತ್ತು, ದನಿ ಇಳಿಯುತ್ತಿತ್ತು. ಮುಂದಿನ ಮಾತ್ರೆ ಮಧ್ಯಾಹ್ನ ಒಂದಕ್ಕೆ. ನಡುವಿನ ಎರಡೂವರೆ ಗಂಟೆ ಅವರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದರು.

ಇದಕ್ಕೆ ಪರಿಹಾರ ಹುಡುಕುವಾಗ ಖರ್ಚಿಲ್ಲದ ದಾರಿಯಿಂದ ಶುರು ಮಾಡಿ. ಪ್ರೋಟೀನ್ ಮತ್ತು ಲೆವೊಡೋಪಾ ಕರುಳಿನಲ್ಲೂ ಮಿದುಳಿನ ಬಾಗಿಲಲ್ಲೂ ಒಂದೇ ದಾರಿಗೆ ಜಗಳವಾಡುತ್ತವೆ. ಹಾಗಾಗಿ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದು ಗಂಟೆ ಮೇಲೆ ತಗೊಳ್ಳಬೇಕು. ಪ್ರೋಟೀನ್ ಬಿಡಬೇಡಿ, ಅದರ ಹೊತ್ತು ಬದಲಿಸಿ. ಕಬ್ಬಿಣದ ಮಾತ್ರೆ ಇದ್ದರೆ ಎರಡು ಗಂಟೆ ಅಂತರ ಇರಲಿ. ಮಲಬದ್ಧತೆ ಸರಿಮಾಡಿಕೊಳ್ಳಿ. ಹೊಟ್ಟೆ ನಿಧಾನವಾದರೆ ಮಾತ್ರೆಯೂ ಅಲ್ಲೇ ಕೂತುಬಿಡುತ್ತದೆ.

ಎರಡನೇ ದಾರಿ ಅದೇ ಡೋಸನ್ನು ಒಡೆದು ಹೆಚ್ಚು ಸಲ ತಗೊಳ್ಳುವುದು. ಮೂರರ ಬದಲು ಐದು ಸಲ. ಖರ್ಚು ಏರುವುದಿಲ್ಲ, ಆದರೆ ಅಲಾರಂ ಏರುತ್ತದೆ. ಹೊತ್ತಿಗೆ ಸರಿಯಾಗಿ ಕೊಡುವವರು ಮನೆಯಲ್ಲಿ ಇಲ್ಲದಿದ್ದರೆ ಇದು ಕಾಗದದ ಮೇಲಷ್ಟೇ ಉಳಿಯುತ್ತದೆ.

ಮೂರನೆಯದು ಜೊತೆಗೆ ಇನ್ನೊಂದು ಸೇರಿಸುವುದು. ಎಂಟಕಪೋನ್ 200 ಮಿ.ಗ್ರಾಂ ಪ್ರತಿ ಲೆವೊಡೋಪಾ ಡೋಸಿನ ಜೊತೆ ಹೋಗುತ್ತದೆ. ಮಾತ್ರೆಯ ಆಯುಸ್ಸು ಉದ್ದವಾಗುತ್ತದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದರಿಂದ ತೊಂದರೆ ಇಲ್ಲ. ಭೇದಿ ಮಾತ್ರ ಕೆಲವರಿಗೆ ಕಾಟ ಕೊಡುತ್ತದೆ. ಒಪಿಕಪೋನ್ ಅದೇ ಕೆಲಸಕ್ಕೆ ರಾತ್ರಿ ಮಲಗುವ ಮುಂಚೆ ಒಂದೇ ಮಾತ್ರೆ, ಎಲ್ಲ ಕಡೆ ಸಿಗುವುದಿಲ್ಲ. ಟೋಲ್ಕಪೋನ್ ಬಲವಾಗಿದೆ, ಆದರೆ ಲಿವರ್ ಹಾಳಾಗಿ ಸಾವು ಸಂಭವಿಸಿದ ಕಾರಣ ಅದನ್ನು ರಕ್ತಪರೀಕ್ಷೆ ಮಾಡಿಸುತ್ತಲೇ ಕೊಡಬೇಕಾಗುತ್ತದೆ. ರಸಾಗಿಲಿನ್ ಅಥವಾ ಸಫಿನಮೈಡ್ ಸೇರಿಸುವುದು ಸರಳ. ಅಗೋನಿಸ್ಟ್ ಸೇರಿಸಿದರೆ 'ಆಫ್' ಹೊತ್ತು, ಅಂದರೆ ಮಾತ್ರೆಯ ಶಕ್ತಿ ಇಳಿದು ಮೈ ಬಿಗಿಯುವ ಹೊತ್ತು, ಹೆಚ್ಚು ತಗ್ಗುತ್ತದೆ, ಆದರೆ ಮೇಲೆ ಹೇಳಿದ ಅಪಾಯಗಳೆಲ್ಲ ಜೊತೆಗೆ ಬರುತ್ತವೆ. ನನ್ನ ಪ್ರಕಾರ 70 ದಾಟಿದವರಿಗೆ ಎಂಟಕಪೋನ್ ಅಥವಾ ರಸಾಗಿಲಿನ್, ಅದಕ್ಕಿಂತ ಚಿಕ್ಕವರಿಗೆ ಮನಸ್ಸು ಗಟ್ಟಿಯಾಗಿದ್ದರೆ ಅಗೋನಿಸ್ಟ್ ಅಂತ ಮೊದಲು ಯೋಚಿಸಬಹುದು.

ನಿಧಾನವಾಗಿ ಕರಗುವ ಲೆವೊಡೋಪಾ ಹಗಲಿಗೆ ಅಷ್ಟು ನಂಬಿಕೆಯದ್ದಲ್ಲ, ಹೀರಿಕೆ ಹೆಚ್ಚುಕಡಿಮೆ ಆಗುತ್ತದೆ. ರಾತ್ರಿ ಮಲಗುವಾಗ ತಗೊಂಡರೆ ಮಗ್ಗುಲು ಬದಲಿಸಲು ನೆರವಾಗುತ್ತದೆ. ಅದನ್ನು ಪುಡಿ ಮಾಡಿ ಕೊಡಬಾರದು.

ಓಲಾಟ ಜಾಸ್ತಿಯಾದರೆ ದಾರಿ ಉಲ್ಟಾ: ಒಂದೊಂದು ಡೋಸನ್ನು ಚಿಕ್ಕದು ಮಾಡುವುದು, ಅಮಂಟಾಡಿನ್ ಸೇರಿಸುವುದು. ಇಲ್ಲೊಂದು ಸೂಕ್ಷ್ಮ ಇದೆ. ಓಲಾಟ ನೋಡುವವರಿಗೆ ಹೆದರಿಕೆ ಹುಟ್ಟಿಸುತ್ತದೆ, ಆದರೆ ಎಷ್ಟೋ ರೋಗಿಗಳು ಬಿಗಿದು ಕೂರುವುದಕ್ಕಿಂತ ಸ್ವಲ್ಪ ಓಲಾಡುವುದೇ ವಾಸಿ ಅನ್ನುತ್ತಾರೆ. ತೀರ್ಮಾನ ಅವರದ್ದಾಗಲಿ. ನೋಡುವ ನಮ್ಮ ಮುಜುಗರಕ್ಕೆ ಅವರ ನಡಿಗೆ ಬಲಿಯಾಗಬಾರದು.

ಮಾತ್ರೆ ಸಾಲದೆ ಹೋದಾಗ

ಇದಕ್ಕೆ ವೈದ್ಯರು 5-2-1 ಅನ್ನುವ ಗುರುತು ಬಳಸುತ್ತಾರೆ. ದಿನಕ್ಕೆ 5 ಸಲಕ್ಕಿಂತ ಕಡಿಮೆ ಇಲ್ಲದಂತೆ ಲೆವೊಡೋಪಾ, 2 ಗಂಟೆಗೆ ಕಡಿಮೆ ಇಲ್ಲದ 'ಆಫ್', ಕಾಟ ಕೊಡುವ ಓಲಾಟ 1 ಗಂಟೆ. ಇವುಗಳಲ್ಲಿ ಒಂದು ಇದ್ದರೂ ಮುಂದಿನ ಹಂತದ ಮಾತು ಶುರು ಮಾಡಬೇಕು. ತಡ ಮಾಡಬೇಡಿ.

ಮಿದುಳಿಗೆ ತಂತಿ ಕೂರಿಸುವ ಡಿ.ಬಿ.ಎಸ್. ಆಪರೇಷನ್‌ನ ದಾರಿ ತೆರೆದವರು 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಬೆನಾಬಿಡ್. ಲೆವೊಡೋಪಾಗೆ ಚೆನ್ನಾಗಿ ಸ್ಪಂದಿಸುವವರಿಗೆ ಇದು ಕೆಲಸ ಮಾಡುತ್ತದೆ. ಮಾತ್ರೆಯಿಂದ ಸರಿಹೋಗದ್ದು ಇದರಿಂದಲೂ ಸರಿಹೋಗುವುದಿಲ್ಲ, ನಡುಕ ಒಂದನ್ನು ಬಿಟ್ಟು. ಮಾತ್ರೆಯ ಪ್ರಮಾಣ ಇಳಿಸಬಹುದು, ಓಲಾಟ ತಗ್ಗುತ್ತದೆ. ಮರೆವು ಇರುವವರಿಗೆ ಬೇಡ. ಒಂದೇ ಸಲ ದೊಡ್ಡ ಖರ್ಚು, ಮತ್ತೆ ಬ್ಯಾಟರಿ ಬದಲಿಸುವ ಖರ್ಚು.

ಅಪೊಮಾರ್ಫಿನ್ ಪಂಪ್‌ಗೆ ತಲೆಯ ಆಪರೇಷನ್ ಬೇಡ. ಚರ್ಮದ ಕೆಳಗೆ ಸಣ್ಣ ಸೂಜಿ. ಹೊಂದದಿದ್ದರೆ ತೆಗೆದುಬಿಡಬಹುದು. ಸೂಜಿ ಚುಚ್ಚಿದ ಕಡೆ ಗಂಟು ಕಟ್ಟುತ್ತದೆ, ವಾಕರಿಕೆ ಇರುತ್ತದೆ. ಹೆಸರು ಕೇಳಿ ಹೆದರಬೇಡಿ, ಇದು ಮಾರ್ಫಿನ್‌ನಂತೆ ಕೆಲಸ ಮಾಡುವುದಿಲ್ಲ. ಕರುಳಿಗೆ ಕೊಳವೆ ಇಟ್ಟು ಲೆವೊಡೋಪಾ ಜೆಲ್ ಹರಿಸುವ ಪಂಪ್ ವಯಸ್ಸಾದವರಿಗೂ ಹೊಂದುತ್ತದೆ, ಆದರೆ ಕೊಳವೆ ಕಟ್ಟಿಕೊಳ್ಳುತ್ತದೆ, ಜಾರುತ್ತದೆ, ದಿನಾ ನೋಡಿಕೊಳ್ಳುವ ಕೈ ಬೇಕು. ಖರ್ಚಂತೂ ನಿಲ್ಲದ ಖರ್ಚು. ಚರ್ಮದ ಕೆಳಗೆ 24 ಗಂಟೆ ಹರಿಸುವ ಫೋಸ್‌ಲೆವೊಡೋಪಾ ಹೊಸದಾಗಿ ಬಂದಿದೆ. ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿತು.

ಯಾವ ಆಯ್ಕೆಗೂ ಬಗ್ಗದ ಕೆಲವು ಇವೆ. ಸಮತೋಲ ತಪ್ಪಿ ಬೀಳುವುದು, ಮರೆವು, ಮಾತು ತೊದಲುವುದು. ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತಿನಲ್ಲೂ ಕಾಲು ನೆಲಕ್ಕೆ ಅಂಟಿಕೊಳ್ಳುವುದು. ಇವಕ್ಕೆ ಡೋಸ್ ಏರಿಸುತ್ತಾ ಹೋದರೆ ಭ್ರಮೆ ಬರುತ್ತದೆ, ಲಾಭ ಬರುವುದಿಲ್ಲ. ಇಲ್ಲಿ ವ್ಯಾಯಾಮ, ಫಿಸಿಯೋಥೆರಪಿ, ಮಾತಿನ ತರಬೇತಿಗೆ ಹಣ ಹಾಕುವುದು ಒಳ್ಳೆಯದು.

ಯಾರಿಗೆ ಏನು

ನಾನು ತೂಗುವ ರೀತಿ ಹೀಗೆ. 46 ವರ್ಷ, ಕೆಲಸ ಮಾಡುತ್ತಿದ್ದೀರಿ, ತೊಂದರೆ ಇನ್ನೂ ಸಣ್ಣದು: ರಸಾಗಿಲಿನ್‌ನಿಂದ ಶುರು ಮಾಡಬಹುದು. ಸಾಲದಿದ್ದರೆ ಚಟದ ಹಿನ್ನೆಲೆ ಇಲ್ಲದಿದ್ದಾಗ ಅಗೋನಿಸ್ಟ್, ಅಥವಾ ಕಡಿಮೆ ಡೋಸಿನ ಲೆವೊಡೋಪಾ. ಆದರೆ ಕೆಲಸವೇ ಕೈತಪ್ಪುವ ಹಾಗಿದ್ದರೆ ಲೆವೊಡೋಪಾಗೆ ಹಿಂಜರಿಯಬೇಡಿ. ಮುಂದೆ ಬರಬಹುದಾದ ಓಲಾಟಕ್ಕೆ ಹೆದರಿ ಇವತ್ತಿನ ಸಂಬಳ ಬಿಡುವುದು ಸರಿಯಲ್ಲ ಅಲ್ವಾ?

60ರ ಆಸುಪಾಸು, ಕೈಕಾಲು ನಿಧಾನವಾಗಿದೆ: ಲೆವೊಡೋಪಾ, ಕಡಿಮೆ ಡೋಸಿನಲ್ಲಿ. 75 ದಾಟಿದೆ, ಮರೆವು ಕಾಣಿಸಿದೆ: ಲೆವೊಡೋಪಾ ಒಂದೇ ಸಾಕು, ಉಳಿದವನ್ನೆಲ್ಲ ದೂರ ಇಡಿ. ಭ್ರಮೆ ಬಂದಾಗ ಕೂಡ ಮೊದಲು ತೆಗೆಯಬೇಕಾದದ್ದು ಟ್ರೈಹೆಕ್ಸಿಫೆನಿಡಿಲ್, ಅಮಂಟಾಡಿನ್, ಅಗೋನಿಸ್ಟ್‌ನಂಥವು. ಲೆವೊಡೋಪಾಗೆ ಕೈ ಹಾಕುವುದು ಕೊನೆಗೆ. ಕೈಯಲ್ಲಿ ಹಣ ಕಡಿಮೆ ಇದ್ದರೂ ಉತ್ತರ ಲೆವೊಡೋಪಾವೇ. ಬಡವರಿಗೆ ಸಿಗುವ ಎರಡನೇ ದರ್ಜೆಯ ಔಷಧಿ ಅಲ್ಲ ಇದು. ಎಲ್ಲರಿಗೂ ಸಿಗುವ ಮೊದಲ ದರ್ಜೆಯದು.

ಯಾವುದನ್ನು ಆರಿಸಿದರೂ ಎರಡು ಎಚ್ಚರ ಬೇಕು. ತಾನಾಗಿ ಒಮ್ಮೆಲೆ ನಿಲ್ಲಿಸಬಾರದು. ಲೆವೊಡೋಪಾ ಥಟ್ಟನೆ ನಿಂತರೆ ಜೋರು ಜ್ವರ, ವಿಪರೀತ ಬಿಗಿತ ಬಂದು ಜೀವಕ್ಕೇ ಕುತ್ತಾಗಬಹುದು. ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದಾಗಲೂ ಮಾತ್ರೆಯ ಹೊತ್ತು ತಪ್ಪದಂತೆ ನೋಡಿಕೊಳ್ಳಿ.

ಇನ್ನೊಂದು, ಡೋಪಮಿನ್‌ಗೆ ಅಡ್ಡ ಬರುವ ಸಾಮಾನ್ಯ ಮಾತ್ರೆಗಳು. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್, ತಲೆನೋವಿಗೆ ಕೊಡುವ ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಮನಸ್ಸಿನ ಗಲಿಬಿಲಿಗೆ ಕೊಡುವ ಹ್ಯಾಲೋಪೆರಿಡಾಲ್. ಅಪ್ಪನಿಗೆ ಒಮ್ಮೆ ತಲೆಸುತ್ತು ಅಂತ ಒಂದು ಕಡೆ ತೋರಿಸಿದಾಗ ಸಿನ್ನರಿಜಿನ್ ಬರೆದರು. ಎರಡು ತಿಂಗಳಲ್ಲಿ ಅವರು ಗೋಡೆ ಹಿಡಿದು ನಡೆಯುವಂತಾದರು. ಕಾಯಿಲೆ ಏರಿತು ಅಂತ ನಾವು ಲೆವೊಡೋಪಾ ಹೆಚ್ಚಿಸಲು ಹೊರಟಿದ್ದೆವು. ನ್ಯೂರಾಲಜಿಸ್ಟ್ ಚೀಟಿ ನೋಡಿ ಆ ಒಂದು ಮಾತ್ರೆ ತೆಗೆದರು. ಗೋಡೆ ಬಿಟ್ಟು ನಡೆಯಲು ಅಪ್ಪನಿಗೆ ಕೆಲವು ವಾರ ಬೇಕಾಯಿತು.

ಡಾಕ್ಟರ ಬಳಿ ಹೋಗುವ ಮುಂಚೆ ಮೂರು ದಿನದ ಲೆಕ್ಕ ಬರೆದಿಡಿ. ಒಂದು ಹಾಳೆ, ಅರ್ಧ ಗಂಟೆಗೊಂದು ಗೆರೆ. ಮಾತ್ರೆ ಯಾವಾಗ, ಊಟ ಯಾವಾಗ, ಚೆನ್ನಾಗಿದ್ದದ್ದು ಯಾವಾಗ, ಬಿಗಿದದ್ದು ಯಾವಾಗ, ಓಲಾಡಿದ್ದು ಯಾವಾಗ. ಅಪ್ಪನ ಹಾಳೆಯಲ್ಲಿ ಮೂರು ದಿನವೂ ಮಧ್ಯಾಹ್ನ ಮೂರೂವರೆಯ ಗೆರೆಯಲ್ಲಿ ಒಂದೇ ಮಾತಿತ್ತು: "ಕುರ್ಚಿಯಿಂದ ಏಳಲು ಆಗಲಿಲ್ಲ." ಮಧ್ಯಾಹ್ನದ ಮಾತ್ರೆಯನ್ನು ನಾವು ಊಟ ಮುಗಿದ ಕೂಡಲೇ ಕೊಡುತ್ತಿದ್ದೆವು. ಡಾಕ್ಟರು ಅದನ್ನು ಊಟಕ್ಕೆ ಮುಕ್ಕಾಲು ಗಂಟೆ ಮೊದಲಿಗೆ ತಂದರು, ಬೆಳಗಿನ ಒಂದು ಡೋಸನ್ನು ಎರಡಾಗಿ ಒಡೆದರು. ಒಂದು ಮಾತ್ರೆಯೂ ಹೆಚ್ಚಾಗಲಿಲ್ಲ. ಮುಂದಿನ ವಾರದ ಹಾಳೆಯಲ್ಲಿ ಮೂರೂವರೆಯ ಗೆರೆಯ ಮುಂದೆ ಅಪ್ಪನೇ, ತಮ್ಮ ಚಿಕ್ಕ ಚಿಕ್ಕ ಅಕ್ಷರದಲ್ಲಿ, "ಹೊರಗೆ ಹೋಗಿ ಬಂದೆ" ಅಂತ ಬರೆದಿದ್ದರು.